ಪಿಲ್ಚಕ್ ಬುಡದಲ್ಲಿ ಎಳೆದ ಎರಡು ಗೆರೆ

ಕೊನೆಯ ಹಲಗೆ

ನಾನು ನಿಂತಿದ್ದದ್ದು ಕೆರೆಯ ಪೂರ್ವ ದಂಡೆಯಲ್ಲಿ, ಮರದ ಹಲಗೆ ಹಾಸಿದ ಕಾಲುದಾರಿ ಮುಗಿದು ಕಲ್ಲುರಾಶಿ ಶುರುವಾಗುವ ಕಡೆ, ಕೊನೆಯ ಹಲಗೆಯ ಮೇಲೆ. ನನ್ನ ಎದುರಿಗೆ, ದಕ್ಷಿಣಕ್ಕೆ, ಪಿಲ್ಚಕ್ ಪರ್ವತದ ಗೋಡೆ. ಗೋಡೆಯ ಬುಡದಲ್ಲಿ ಹಿಮದ ರಾಶಿ. ಹಿಮದ ಅಂಚಿಗೂ ನನಗೂ ನಡುವೆ ಎಂಬತ್ತು ಹೆಜ್ಜೆ ಇದ್ದೀತು; ಅದು ಕಣ್ಣಂದಾಜು, ಅಳೆದದ್ದಲ್ಲ. 2014ನೇ ಇಸವಿ, ಜುಲೈ ತಿಂಗಳ ಒಂದು ಶನಿವಾರ, ಅಲ್ಲಿಯ ಸಮಯ ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಊಟಕ್ಕೆ ಇನ್ನೂ ಎಷ್ಟು ಹೊತ್ತಿದೆ ಎಂದು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಆದ್ದರಿಂದ ಸಮಯದ ಬಗ್ಗೆ ನನಗೆ ಸಂಶಯವಿಲ್ಲ.

ಆ ಹೊತ್ತಿನಲ್ಲಿ ನನ್ನ ಗೆಳೆಯ ವಾದಿರಾಜ ಹಿಮದ ಕೆಳಗೆ ಹೋದ. ಹಿಮ ಅವನ ಮೇಲೆ ಬಿತ್ತು. ಅದಾದ ಮೇಲೆ ಹದಿನಾಲ್ಕು ನಿಮಿಷ ನಾನು ಆ ಹಲಗೆ ಬಿಟ್ಟು ಕದಲಲಿಲ್ಲ. ಉಳಿದವರೆಲ್ಲ ಓಡಿದರು. ಗದಗಿಗೆ ಮರಳಿ ಬಂದ ಮೇಲೆ ಇದನ್ನು ಹೇಳಿದಾಗ, ಕೇಳಿದವರು ನನ್ನ ಮುಖ ನೋಡುತ್ತಾರೆ. ಅಮೆರಿಕಕ್ಕೆ ಹೋಗಿ ಬಂದವನು ಏನೇನು ನೋಡಿದೆ ಎಂದು ಕೇಳಿದರೆ ನನಗೆ ಮೊದಲು ಬರುವುದು ಇದೇ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿ, ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಲಿನ್‌ವುಡ್

ವಾದಿರಾಜನೂ ನಾನೂ ಧಾರವಾಡದ ಕಾಲೇಜು ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಆಮೇಲೆ ಅವನು ಇಂಜಿನಿಯರಿಂಗ್ ಓದಿ, ಸಿಯಾಟಲ್‌ಗೆ ಹೆಚ್ಚಿನ ಓದಿಗೆ ಹೋಗಿ, ಅಲ್ಲೇ ಎವರೆಟ್ ಎಂಬ ಊರಿನ ವಿಮಾನ ಕಾರ್ಖಾನೆ ಸೇರಿದ. ವಿಮಾನದ ರೆಕ್ಕೆ ಎಷ್ಟು ಭಾರಕ್ಕೆ ಬಾಗುತ್ತದೆ, ಎಷ್ಟಕ್ಕೆ ಬಿರಿಯುತ್ತದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ನಾನು ಭೂಮಾಪನ ಇಲಾಖೆ ಸೇರಿ ರೋಣ, ಮುಂಡರಗಿ, ಶಿರಹಟ್ಟಿಯ ಎರೆಹೊಲಗಳಲ್ಲಿ ಮೂವತ್ತನಾಲ್ಕು ವರ್ಷ ಅಳತೆಯ ಸರಪಳಿ ಎಳೆದೆ. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಅವನು ಫೋನ್ ಮಾಡಿ, "ಈಗರ ಬಾರೋ ಹಣಮ್ಯಾ, ಇನ್ನೆರಡು ವರ್ಷಕ್ಕ ನಮ್ಮಿಬ್ಬರ ಮೊಳಕಾಲು ರಾಜೀನಾಮೆ ಕೊಡ್ತಾವ" ಅಂದ. ಹೋದೆ. ಮೂರು ವಾರದ ಮಟ್ಟಿಗೆ.

ಅವನ ಮನೆ ಸಿಯಾಟಲ್‌ನ ಉತ್ತರಕ್ಕಿರುವ ಲಿನ್‌ವುಡ್‌ನಲ್ಲಿ. ಮೊದಲ ವಾರ ನನಗೆ ಆ ಊರಿನ ಸದ್ದೇ ಅರ್ಥವಾಗಲಿಲ್ಲ, ಯಾಕೆಂದರೆ ಸದ್ದೇ ಇರಲಿಲ್ಲ. ಬೆಳಿಗ್ಗೆ ಒಂದು ತಾಸು ನಡೆದರೆ ಎದುರಾಗುವವರು ನಾಲ್ಕು ಜನ, ನಾಲ್ವರ ಕೈಯಲ್ಲೂ ನಾಯಿ. ಪರಿಚಯವಿಲ್ಲದಿದ್ದರೂ ಪ್ರತಿಯೊಬ್ಬರೂ ನಕ್ಕು ಹಾಯ್ ಅನ್ನುತ್ತಾರೆ, ನಾನು ಉತ್ತರ ಹುಡುಕುವಷ್ಟರಲ್ಲಿ ದಾಟಿ ಹೋಗಿರುತ್ತಾರೆ. ನಮ್ಮಲ್ಲಿ ಗುರುತಿಲ್ಲದವನನ್ನು ನೋಡಿ ನಕ್ಕರೆ, ಯಾವೂರು, ಯಾರ ಪೈಕಿ ಎಂಬಲ್ಲಿಗೆ ಮಾತು ಮುಟ್ಟಲೇಬೇಕು. ಇಲ್ಲಿ ನಗು ಅಲ್ಲಿಗೇ ಮುಗಿಯುತ್ತದೆ.

ಮನೆಯ ಒಳಗೆ ಮಾತ್ರ ಧಾರವಾಡ. ವಾದಿರಾಜನ ಹೆಂಡತಿ ಪದ್ಮಾವೈನಿ ಬೆಳಿಗ್ಗೆ ಏಳಕ್ಕೆ ದೇವರ ಮುಂದೆ ದೀಪ ಹಚ್ಚಿ, ಎಂಟಕ್ಕೆ ಅವಲಕ್ಕಿ ಕಲಸಿ, ಒಂಬತ್ತಕ್ಕೆ ಗಂಡನನ್ನು ಬೈಯಲು ಶುರು ಮಾಡುವವರು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೇವರ ಮನೆಯಲ್ಲಿ ಒಂದು ತಾಮ್ರದ ಗಿಂಡಿ. ಅದರ ತುಂಬ ಪಿಲ್ಚಕ್ ಬೆಟ್ಟದ ನೀರು. ಪ್ರತಿ ಬೇಸಿಗೆಗೆ ಒಮ್ಮೆ ವಾದಿರಾಜ ಹೋಗಿ, ಹಿಮದ ಅಡಿಯಿಂದ ನೀರು ಹೊರಬೀಳುವ ಬಾಯಿಯಿಂದಲೇ ತುಂಬಿ ತರುತ್ತಾನೆ. ವರ್ಷಪೂರ್ತಿ ಪೂಜೆಗೆ ಅದರ ಒಂದೊಂದು ಹನಿ.

"ವರ್ಷಪೂರ್ತಿ ನಳದ ನೀರಿನ್ಯಾಗ ಪೂಜಿ ಮಾಡಿದ್ರ ದೇವರಿಗೂ ಕ್ಲೋರಿನ್ ವಾಸನಿ ಬರ್ತದ," ಅಂದ ವಾದಿರಾಜ. "ಹರಿಯೋ ನೀರು ಬೇಕು. ಅದೂ ಹುಟ್ಟೋ ಜಾಗದಾಗಿಂದ. ಇಪ್ಪತ್ತಾರು ವರ್ಷ ಆತು, ಒಂದ ವರ್ಷ ತಪ್ಪಿಸಿಲ್ಲ."

"ಕೆರಿಯಿಂದನ ತುಂಬಿಕೊಂಡ್ರ ಆಗಂಗಿಲ್ಲೇನು?" ಎಂದು ನಾನು ಕೇಳಿದೆ.

ಪದ್ಮಾವೈನಿ ಒಳಗಿಂದಲೇ ಉತ್ತರ ಕೊಟ್ಟರು. "ಹಣಮಂತಣ್ಣ, ಆ ಕೆರ್ಯಾಗ ಊರ ನಾಯಿಗಳೆಲ್ಲಾ ಈಸ್ತಾವ. ಅದನ್ನ ತಂದು ದೇವರ ತಲಿ ಮ್ಯಾಲ ಹಾಕಲೇನು?"

ಮೂರನೆಯ ಶನಿವಾರ ಹೋಗುವುದೆಂದಾಯಿತು. ಕಾರು ನಡೆಸುವವಳು ಪಕ್ಕದ ಮನೆಯ ರಶ್ಮಿ. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ರಜೆ ಸಿಕ್ಕರೆ ಬೆಟ್ಟ. ಪದ್ಮಾವೈನಿಯ ಕೈಯಡುಗೆಗಾಗಿ ಎಲ್ಲಿಗೆ ಬೇಕಾದರೂ ಡ್ರೈವ್ ಮಾಡ್ತೀನಿ ಅನ್ನುವವಳು.

ಗ್ರಾನೈಟ್ ಫಾಲ್ಸ್ ದಾಟಿ

ಗ್ರಾನೈಟ್ ಫಾಲ್ಸ್ ಎಂಬ ಸಣ್ಣ ಊರು ದಾಟಿದ ಮೇಲೆ ಫೋನಿನ ಸಿಗ್ನಲ್ ಹೋಯಿತು. ರಸ್ತೆಯ ಎರಡೂ ಕಡೆ ಮರಗಳು. ನಾವು ಮರ ಅನ್ನುವುದಕ್ಕೂ ಇವಕ್ಕೂ ಸಂಬಂಧವಿಲ್ಲ. ಒಂದು ದೇವದಾರುವಿನ ಬುಡವನ್ನು ಟೇಪಿನಿಂದ ಅಳೆಯೋಣವೆಂದು ಇಳಿದೆ. ಜೇಬಿನಲ್ಲಿದ್ದ ನನ್ನ ಟೇಪು ಅದರ ಸುತ್ತ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಂತಿತು. ರಶ್ಮಿ ನಗುತ್ತ, "ಅಂಕಲ್, ಟ್ರಿಪ್‌ಗೂ ಟೇಪ್ ತಂದಿದೀರಾ?" ಅಂದಳು.

"ಅವ ನನ್ನ ಲಗ್ನಕ್ಕೂ ತಂದಿದ್ದ," ಅಂದ ವಾದಿರಾಜ. "ಮಂಟಪ ಚೌಕ ಇಲ್ಲಂತ ಭಟ್ಟರ ಕೂಡ ಜಗಳಾಡಿದ್ದ."

ಇದು ನಿಜ.

ಹತ್ತುವ ದಾರಿ ಕಡಿದು. ಅಲ್ಲಿಯವರ ಕೆಲವು ಶಿಸ್ತುಗಳನ್ನು ಆ ದಾರಿಯಲ್ಲಿ ಕಂಡೆ. ಕೆಳಗಿಳಿಯುವವರು ಹತ್ತುವವರಿಗೆ ಬದಿಗೆ ಸರಿದು ದಾರಿ ಬಿಡುತ್ತಾರೆ. ನಾಯಿಯ ಹೊಲಸನ್ನು ಸಣ್ಣ ಚೀಲದಲ್ಲಿ ಕಟ್ಟಿ, ಬರುವಾಗ ಒಯ್ಯುತ್ತೇವೆಂದು ಕಲ್ಲಿನ ಮೇಲೆ ಅಂದವಾಗಿ ಇಟ್ಟು ಹೋಗುತ್ತಾರೆ. ಮೊದಲನೆಯದನ್ನು ನಾನು ಯಾರೋ ಮರೆತ ಬುತ್ತಿಯೆಂದು ತಿಳಿದು ಕೈಗೆತ್ತಿಕೊಂಡಿದ್ದೆ. ಆ ವಿಷಯ ಪದ್ಮಾವೈನಿ ಇವತ್ತಿಗೂ ಬಿಟ್ಟಿಲ್ಲ.

ಅರ್ಧ ದಾರಿಯಲ್ಲಿ ನನ್ನ ಬಲಗಾಲಿನ ಬೂಟಿನ ಅಟ್ಟೆ ಬಾಯಿ ತೆರೆಯಿತು. ಗದಗಿನ ಬೂಟು, ಗದಗಿನ ನೆಲಕ್ಕೆ ಹೊಲಿದದ್ದು. ನಾನು ಕುಳಿತು ನೋಡುತ್ತಿದ್ದಾಗ ಹಿಂದೆ ಬರುತ್ತಿದ್ದ ಗಡ್ಡದ ಯುವಕನೊಬ್ಬ ನಿಂತ. ಕೆಂಪು ಜಾಕೆಟ್, ಎರಡು ಕೈಯಲ್ಲಿ ನಡೆಯುವ ಕೋಲು. ಅವನ ನೀರಿನ ಬಾಟಲಿಗೆ ಬೆಳ್ಳಿಬಣ್ಣದ ಅಂಟುಪಟ್ಟಿ ಸುತ್ತಿತ್ತು. ಇಂಥ ಹೊತ್ತಿಗೆಂದೇ ಹಾಗೆ ಸುತ್ತಿಟ್ಟುಕೊಳ್ಳುತ್ತಾರಂತೆ. ಒಂದು ಮೊಳ ಬಿಚ್ಚಿ, ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೂಟಿಗೆ ಬಿಗಿಯಾಗಿ ಸುತ್ತಿದ. ನನಗೆ ತುಂಬ ಸಂಕೋಚವಾಯಿತು. ಅಪರಿಚಿತನ ತೊಡೆಯ ಮೇಲೆ ಕಾಲಿಡುವುದೆಂದರೇನು. ಅವನಿಗೆ ಅದರಲ್ಲಿ ಏನೂ ಕಾಣಲಿಲ್ಲ. ಹೆಸರು ಬ್ರಯನ್ ಎಂದು ಹೇಳಿ, ನಮಗಿಂತ ಮುಂದೆ ಹೋದ.

ಇಪ್ಪತ್ತೆರಡನೆಯ ನಂಬರಿನ ಕೆರೆ

ಆ ಕೆರೆಗೆ ಹೆಸರಿಲ್ಲ, ನಂಬರಿದೆ. ಲೇಕ್ ಟ್ವೆಂಟಿಟೂ. ನನಗೆ ಅದು ತಕ್ಷಣ ಆತ್ಮೀಯವಾಯಿತು. ಸರ್ವೆ ನಂಬರು ಹಿಡಿದೇ ನಾನು ಬದುಕಿದವನು.

ಕೆರೆ ಮೂರು ಕಡೆ ಕಾಡು. ನಾಲ್ಕನೆಯ ಕಡೆ ಪಿಲ್ಚಕ್ ನೇರವಾಗಿ ಮೇಲೆದ್ದಿದೆ. ತುದಿ ಮೋಡದಲ್ಲಿತ್ತು. ಗೋಡೆಯುದ್ದಕ್ಕೂ ನೀರು ಇಳಿದ ಕಪ್ಪು ಪಟ್ಟೆಗಳು. ನಮ್ಮ ಕಪ್ಪತಗುಡ್ಡವನ್ನು ಎಷ್ಟೋ ಸಲ ಹತ್ತಿದ್ದೇನೆ. ಅಲ್ಲಿ ಗುಡ್ಡ ಮನುಷ್ಯನನ್ನು ಹತ್ತಲು ಬಿಡುತ್ತದೆ. ಇದು ಹಾಗೆ ಕಾಣಲಿಲ್ಲ. ಬುಡದಲ್ಲಿ, ಚಳಿಗಾಲದಲ್ಲಿ ಮೇಲಿಂದ ಜಾರಿ ಬಿದ್ದ ಹಿಮ ಒಂದು ಕಡೆ ರಾಶಿಯಾಗಿ, ಜುಲೈ ಬಂದರೂ ಕರಗದೆ ಉಳಿದಿತ್ತು. ದೂರದಿಂದ ಬಿಳುಪು. ಹತ್ತಿರದಿಂದ ಬೂದಿ ಉದುರಿದ ಹಾಗೆ ಕೊಳೆ. ಅದರ ಅಂಚಿನಲ್ಲಿ ಮೂರು ಬಾಯಿಗಳಿದ್ದವು, ಮೂರರಿಂದಲೂ ನೀರು ಹರಿದು, ಕಲ್ಲುಗಳ ನಡುವೆ ನುಸುಳಿ ಕೆರೆ ಸೇರುತ್ತಿತ್ತು. ನಡುವಿನ ಬಾಯಿ ದೊಡ್ಡದು, ಒಬ್ಬ ಮನುಷ್ಯ ಬಾಗಿ ಒಳಗೆ ಹೋಗುವಷ್ಟು. ಒಳಗಿನ ಬೆಳಕು ನೀಲಿ.

ಹಲಗೆ ದಾರಿಯ ಪಕ್ಕ ಒಂದು ಫಲಕ ಇತ್ತು. ಹಿಮದ ಹತ್ತಿರ ಹೋಗಬೇಡಿ, ಕುಸಿಯುತ್ತದೆ ಎಂದು.

"ಅಂಕಲ್, ಬೋರ್ಡ್ ಓದಿದ್ರಾ?" ಎಂದಳು ರಶ್ಮಿ. "ಈ ಸಲ ಸ್ನೋ ತುಂಬಾ ತೆಳ್ಳಗಾಗಿದೆ. ಆಚೆ ಕಡೆಯಿಂದ ತುಂಬ್ಕೊಳ್ಳಿ."

"ಈ ಬೋರ್ಡು ಹುಗಿಯೋಕಿಂತ ಮೊದಲಿಂದ ಬರ್ಲಿಕತ್ತೀನಿ ಪುಟ್ಟಿ," ಅಂದ ವಾದಿರಾಜ. ಕಣ್ಣು ಸಣ್ಣ ಮಾಡಿ ಹಿಮದ ಕಮಾನನ್ನು ನೋಡಿದ. ಕಾರ್ಖಾನೆಯಲ್ಲಿ ರೆಕ್ಕೆಯ ಮುಂದೆ ಹೀಗೇ ನಿಲ್ಲುತ್ತಿದ್ದನೇನೋ. "ಬುಡ ದಪ್ಪ ಅದ. ಬಿರುಕಿಲ್ಲ. ಇನ್ನೂ ಹತ್ತು ದಿವಸ ನಿಲ್ತದ."

"ನೀವು ರಿಟೈರ್ ಆಗೀರಿ, ನೆನಪಿರಲಿ," ಅಂದರು ಪದ್ಮಾವೈನಿ. "ಲಗೂನ ಬರ್ರಿ, ಚಪಾತಿ ಒಣಗ್ತಾವ."

ಕೆರೆಯ ನೀರಿಗೆ ತಾಗಿದ ಒಂದು ಚಪ್ಪಟೆ ಬಂಡೆಯ ಮೇಲೆ ವಾದಿರಾಜ ಕುಳಿತ. ಬೂಟು ಬಿಚ್ಚಿದ. ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದ. ಎರಡೂ ಬೂಟು ಜೋಡಿಸಿ, ಮೂತಿ ಕೆರೆಯ ಕಡೆ ಮಾಡಿ ಇಟ್ಟ. ಬೂಟುಗಾಲಲ್ಲಿ ತೀರ್ಥ ಮುಟ್ಟುವುದುಂಟೇ. ನನಗೆ ಅದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ಲ, ಪದ್ಮಾವೈನಿಗೂ ಅನ್ನಿಸಲಿಲ್ಲ, ರಶ್ಮಿಗೂ ಅನ್ನಿಸಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಗೊಂದಲಕ್ಕೆಲ್ಲ ಇದೇ ಕಾರಣ.

ಬಂಡೆಯಿಂದ ಗಿಂಡಿ ಹಿಡಿದು ಬರಿಗಾಲಲ್ಲಿ ಹೊರಟ. ತಣ್ಣಗಿನ ಕಲ್ಲಿನ ಮೇಲೆ ಕೋಳಿಯ ಹಾಗೆ ಕಾಲೆತ್ತಿ ಎತ್ತಿ ಇಡುತ್ತಿದ್ದ. ಒಮ್ಮೆ ಹಿಂತಿರುಗಿ, "ನೋಡ್ತೀ ಏನೋ, ಬಾ," ಅಂದ. ನನ್ನ ಬೂಟಿನ ಪಟ್ಟಿ ಬಿಚ್ಚಿದರೆ ಮತ್ತೆ ಕಟ್ಟುವವರಿಲ್ಲ ಎಂದು ನಾನು ಹೋಗಲಿಲ್ಲ. ಪದ್ಮಾವೈನಿ ನನ್ನ ಹಿಂದೆ, ಬೆನ್ನು ಮಾಡಿ ಕುಳಿತು ಸ್ಟೀಲ್ ಡಬ್ಬಿ ಬಿಚ್ಚುತ್ತಿದ್ದರು. ರಶ್ಮಿ ಕ್ಯಾಮೆರಾ ಎತ್ತಿ ಬೆಟ್ಟದ ತುದಿಯ ಮೋಡ ಸರಿಯಲೆಂದು ಕಾಯುತ್ತಿದ್ದಳು.

ಅವನು ನಡುವಿನ ಬಾಯಿಯ ತನಕ ಹೋದ. ಬಾಗಿದ. ಅಲ್ಲಿ ನೀರು ಕೆಸರಾಗಿತ್ತೋ ಏನೋ, ಇನ್ನೂ ಒಳಗೆ ಹೋದ. ಒಳಗೆ ಹೋಗಿ ಎಡಕ್ಕೆ ತಿರುಗಿದ. ಕೊನೆಗೆ ಕಂಡದ್ದು ಅವನ ಬಿಳಿ ಅಂಗಿಯ ಬೆನ್ನು, ಅದು ನೀಲಿಯಾಗಿ ಕಂಡಿತು. ಆಮೇಲೆ ಕಾಣಲಿಲ್ಲ.

ನಾನು ಗಡಿಯಾರ ನೋಡಿದೆ. ತಲೆಯೆತ್ತಿದೆ.

ಹನ್ನೊಂದು ಇಪ್ಪತ್ತು

ಸದ್ದು ಗುಡುಗಿನಂತೆ ಇರಲಿಲ್ಲ. ಕಲ್ಲು ತುಂಬಿದ ಲಾರಿಯ ಹಿಂಬದಿಯ ಹಲಗೆ ಒಮ್ಮೆಲೇ ಬಿಚ್ಚಿದರೆ ಬರುವ ಸದ್ದು. ಒಂದೇ ಸಲ. ಮೂರು ಬಾಯಿಗಳೂ ಇಲ್ಲವಾದವು. ಹಿಮದ ಅಂಚು ಬಲದಿಂದ ಎಡದವರೆಗೆ ಪೂರ್ತಿ ಕೂತುಬಿಟ್ಟಿತು. ಆಮೇಲೆ ತಣ್ಣಗಿನ ಗಾಳಿ ಬಂದು ನನ್ನ ಮುಖಕ್ಕೆ ಹೊಡೆಯಿತು, ಅದರಲ್ಲಿ ಸಣ್ಣ ಸಣ್ಣ ಹರಳು. ಆಮೇಲೆ ಏನೂ ಇಲ್ಲ. ನೀರಿನ ಸದ್ದು ಕೂಡ ನಿಂತುಹೋಯಿತು, ಹರಿಯುವ ದಾರಿ ಮುಚ್ಚಿದ್ದರಿಂದ. ಆ ನಿಶ್ಶಬ್ದ ನನಗೆ ಈಗಲೂ ಬರುತ್ತದೆ. ಹೊಲದಲ್ಲಿ, ಬಸ್ಸಿನಲ್ಲಿ, ಎಲ್ಲಿ ಬೇಕಾದರೂ.

ಪದ್ಮಾವೈನಿ ಎದ್ದು ನಿಂತರು. "ಏನದು? ಏನಾತು? ಎಲ್ಲಿ ಇವರು?"

ನನ್ನ ಬಲಗೈ ತಾನಾಗಿ ಮೇಲೆದ್ದಿತು. ಅವನು ಕಾಣದಾದ ಜಾಗಕ್ಕೆ ನೇರವಾಗಿ ಬೆರಳು ಇಟ್ಟೆ. ಬೆರಳಿನ ತುದಿಯ ಹಿಂದೆ, ಗೋಡೆಯ ಮೇಲೆ ಏನಿದೆ ಎಂದು ನೋಡಿದೆ. ಎರಡು ಕಪ್ಪು ಪಟ್ಟೆಗಳ ನಡುವೆ ಒಂದು ಒಣಗಿದ ಮರದ ಬೊಡ್ಡೆ, ಗೋಡೆಯ ಬಿರುಕಿನಿಂದ ಹೊರಗೆ ಚಾಚಿದ್ದು. ನನ್ನ ಕಣ್ಣು, ಬೆರಳು, ಅವನು ಕಾಣದಾದ ಬಿಂದು, ಆ ಬೊಡ್ಡೆ, ನಾಲ್ಕೂ ಒಂದು ಗೆರೆ. ಹಿಮ ಚದುರಿಹೋಗಿತ್ತು, ಆದರೆ ನನ್ನ ಹಲಗೆ ಇತ್ತು, ಬೊಡ್ಡೆ ಇತ್ತು. ಗೆರೆ ಉಳಿದಿತ್ತು. ನಾನು ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇಟ್ಟರೆ ಅದು ಹೋಯಿತು.

ಇದು ಯೋಚಿಸಿ ಮಾಡಿದ್ದೆಂದು ಹೇಳಲಾರೆ. ಮೋಜಣಿಯಲ್ಲಿ, ಅಂದರೆ ಭೂಮಾಪನದಲ್ಲಿ, ಮೊದಲ ದಿನ ಕಲಿಸುವುದು ಇಷ್ಟೇ: ನೋಟ ಹಿಡಿದವನು, ಅದು ಪುಸ್ತಕಕ್ಕೆ ಏರುವವರೆಗೆ ಕಾಲು ಕೀಳಬಾರದು. ಹಾವು ಬಂದರೂ ನಿಂತಿದ್ದೇನೆ.

"ಹಣಮಂತಣ್ಣ, ಓಡ್ರಿ!" ಪದ್ಮಾವೈನಿ ನನ್ನ ತೋಳು ಹಿಡಿದು ಜಗ್ಗಿದರು. ನಾನು ಅಲುಗಲಿಲ್ಲ. "ವೈನಿ, ಕೈ ಬಿಡ್ರಿ. ನಾ ಅಲ್ಲಾಡಿದ್ರ ಅವ ಎಲ್ಲಿ ಅದಾನಂತ ತಿಳಿಯಂಗಿಲ್ಲ." ಅವರು ಕೈ ಬಿಟ್ಟರು. ನನ್ನನ್ನು ಒಮ್ಮೆ ನೋಡಿದರು. ಆ ನೋಟವನ್ನು ನಾನು ವರ್ಣಿಸುವುದಿಲ್ಲ. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಲ್ಲುಗಳ ಮೇಲೆ ಓಡಿದರು. ಅವರಿಗೆ ಅರವತ್ತೊಂದು ವರ್ಷ.

ಬೂಟುಗಳು

ಸದ್ದು ಕೇಳಿ ಎಲ್ಲೆಲ್ಲಿಂದಲೋ ಜನ ಬಂದರು, ಎಂಟು ಹತ್ತು ಮಂದಿ. ಒಬ್ಬಳು ಫೋನ್ ಮಾಡಲು ಸಿಗ್ನಲ್ ಸಿಗುವ ಕಡೆಗೆ ಕೆಳಗೆ ಓಡಿದಳು. ಉಳಿದವರು ನೇರವಾಗಿ ಹೋದದ್ದು ಬಂಡೆಯ ಮೇಲೆ ಜೋಡಿಸಿಟ್ಟ ಬೂಟುಗಳ ಹತ್ತಿರ.

ಬೂಟು ನೀರಿಗೆ ಮುಖ ಮಾಡಿವೆ. ಕಾಲುಚೀಲ ಒಳಗಿದೆ. ಅವರ ದೃಷ್ಟಿಯಲ್ಲಿ ಅದರ ಅರ್ಥ ಒಂದೇ: ಈ ಮನುಷ್ಯ ಕೆರೆಗೆ ಇಳಿದಿದ್ದಾನೆ. ಹಿಮ ನೀರಿಗೆ ಬಿದ್ದು ಅಲೆ ಎದ್ದಿದೆ, ಮುಳುಗಿದ್ದಾನೆ. ಬರಿಗಾಲಲ್ಲಿ ಹಿಮದ ಮೇಲೆ ನಡೆಯುವವರು ಜಗತ್ತಿನಲ್ಲಿ ಯಾರಿದ್ದಾರೆ? ಬ್ರಯನ್ ಅಂಗಿ ಬಿಚ್ಚಿ ನೀರಿಗೆ ಇಳಿದೇಬಿಟ್ಟ. ಎದೆಮಟ್ಟ ನೀರು. ಹಿಮ ಕರಗಿದ ನೀರು. ಅವನ ಹಲ್ಲು ಕಟಕಟ ಅನ್ನುವುದು ನನಗೆ ಕೇಳುವಂತಿತ್ತು. ಇಬ್ಬರು ಕೋಲಿನಿಂದ ನೀರು ಕೆದಕುತ್ತಿದ್ದರು.

ನಾನು ಕೂಗಿದೆ. "ನೋ ವಾಟರ್! ಸ್ನೋ! ಅಂಡರ್ ಸ್ನೋ!" ನನ್ನ ಇಂಗ್ಲಿಷು ಅರ್ಜಿ ಬರೆಯುವ ಇಂಗ್ಲಿಷು, ಕೂಗಿದರೆ ನನಗೇ ಅರ್ಥವಾಗುವುದಿಲ್ಲ. ಅವರು ನನ್ನ ಕಡೆ ನೋಡಿ ಬೂಟಿನ ಕಡೆ ಬೆರಳು ತೋರಿಸಿದರು. ಕೈ ಚಾಚಿ ಕಂಬದಂತೆ ನಿಂತ ಮುದುಕ, ಗಾಬರಿಯಿಂದ ಬುದ್ಧಿ ನಿಂತಿರಬೇಕು ಎಂದುಕೊಂಡಿರಬಹುದು.

ರಶ್ಮಿ ಆ ಕಡೆ ಓಡುತ್ತಿದ್ದಳು. ಅವಳನ್ನು ಕರೆದೆ. ಬಂದಳು. ಅಳುತ್ತಿದ್ದಳು.

"ಅಂಕಲ್, ಯಾಕೆ ಇಲ್ಲೇ ನಿಂತಿದೀರಾ? ಬನ್ನಿ!"

"ಅವ ನೀರಿಗೆ ಇಳದಿಲ್ಲ. ತೀರ್ಥ ತರೋವಾಗ ಬೂಟು ಹಾಕೋದಿಲ್ಲಂತ ಬಿಚ್ಚಿದ್ದ. ಅವರಿಗೆ ಹೇಳು. ಅವ ಹಿಮದ ಒಳಗ ಹೋಗಿದ್ದನ್ನ ನಾ ನೋಡೀನಿ. ಈ ಗೆರಿ ಮ್ಯಾಲ ಅದಾನ." ಕೈ ಇಳಿಸದೆ ಹೇಳಿದೆ. ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡೆ.

ಅವಳು ಒಂದು ಕ್ಷಣ ನನ್ನ ಬೆರಳನ್ನೂ ಗೋಡೆಯನ್ನೂ ನೋಡಿದಳು. ಕಣ್ಣೊರೆಸಿಕೊಂಡು ಓಡಿದಳು. ಅವಳು ಅವರಿಗೆ ಏನು ಹೇಳಿದಳೋ, ದೇವರು, ಬೂಟು, ನೀರು ಎಂಬುದನ್ನೆಲ್ಲ ಅಷ್ಟು ಅವಸರದಲ್ಲಿ ಹೇಗೆ ತಿಳಿಸಿದಳೋ ನನಗೆ ಗೊತ್ತಿಲ್ಲ. ಬ್ರಯನ್ ನೀರಿನಿಂದ ಮೇಲೆ ಬಂದ. ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಕೆಂಪು ಜಾಕೆಟ್ಟನ್ನು ಬರಿಮೈ ಮೇಲೆ ಹಾಕಿಕೊಂಡು, ಕೋಲು ಹಿಡಿದು ಹಿಮದ ಕಡೆ ಬಂದ.

ಎಡಗೈ ಸನ್ನೆಯಿಂದ ಅವನನ್ನು ನಡೆಸಿದೆ. ಬಲಕ್ಕೆ. ಇನ್ನೂ ಬಲಕ್ಕೆ. ಅರ್ಧ ಹೆಜ್ಜೆ ಎಡಕ್ಕೆ. ಈಗ ನೇರ ಮುಂದೆ. ಹೊಲದಲ್ಲಿ ಬಾವುಟ ಹಿಡಿದವನನ್ನು ನಡೆಸುವುದು ಹೀಗೇ. ಅವನು ಬೇಗ ಹಿಡಿದುಕೊಂಡ. ಆದರೆ ಒಂದು ಗೆರೆ ದಿಕ್ಕು ಮಾತ್ರ ಹೇಳುತ್ತದೆ. ಆ ಗೆರೆಯ ಮೇಲೆ ಎಷ್ಟು ದೂರ ಎಂಬುದನ್ನು ಹೇಳುವುದಿಲ್ಲ. ಮುರಿದ ಹಿಮ ಆ ಗೆರೆಯ ಉದ್ದಕ್ಕೆ ಇಪ್ಪತ್ತು ಹೆಜ್ಜೆ ಹರಡಿತ್ತು. ಎಲ್ಲವನ್ನೂ ಅಗೆಯಲು ಇದ್ದದ್ದು ಬರಿಗೈಗಳು. ಎರಡನೆಯ ಗೆರೆ ಬೇಕು. ಇನ್ನೊಂದು ಕಡೆಯಿಂದ ನೋಡಿದವರು ಬೇಕು.

"ಬ್ಯಾರೆ ಯಾರರ ನೋಡ್ಯಾರೇನು ಕೇಳು," ಎಂದು ರಶ್ಮಿಗೆ ಕೂಗಿದೆ.

ನೋಡಿದವರಿದ್ದರು. ಬಿಳಿ ಕೂದಲಿನ ಒಬ್ಬ ಹೆಂಗಸು, ಕೆರೆಯ ಪಶ್ಚಿಮ ದಂಡೆಯಿಂದ ಏದುಸಿರು ಬಿಡುತ್ತ ಆಗಷ್ಟೇ ಓಡಿ ಬಂದಿದ್ದರು. ಮಾರ್ಗರೆಟ್ ಎಂದು ಹೆಸರು. ಬರಿಗಾಲಿನ ಮನುಷ್ಯನೊಬ್ಬ ಹಿಮದ ಕಡೆ ಹೋಗುವುದನ್ನು ಕಂಡು, ಇವನಿಗೇನು ಹುಚ್ಚೇ ಎಂದು ಅವನನ್ನೇ ನೋಡುತ್ತಿದ್ದರಂತೆ. ಒಳಗೆ ಹೋದದ್ದನ್ನು ಕಂಡಿದ್ದಾರೆ. ರಶ್ಮಿ ಅವರಿಗೆ ನನ್ನನ್ನು ತೋರಿಸಿ ಏನೋ ಹೇಳಿದಳು. ಅವರು ನನ್ನ ಕಡೆ ನೋಡಿದರು, ತಲೆಯಾಡಿಸಿದರು, ಬಂದ ದಾರಿಯಲ್ಲೇ ತಿರುಗಿ ಓಡಿದರು. ಅವರು ನಿಂತಿದ್ದ ಜಾಗದಲ್ಲಿ ಅವರ ನಾಯಿಯನ್ನು ಒಂದು ಕೊರಡಿಗೆ ಕಟ್ಟಿ ಬಂದಿದ್ದರು. ನಾಯಿ ಇನ್ನೂ ಬೊಗಳುತ್ತಿತ್ತು. ಆದ್ದರಿಂದ ಜಾಗ ತಪ್ಪುವಂತಿರಲಿಲ್ಲ.

ಅವರು ಅಲ್ಲಿ ಮುಟ್ಟಿ ನಿಲ್ಲಲು ನಾಲ್ಕು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಬ್ರಯನ್ ನನ್ನ ಗೆರೆಯ ಮೇಲೆ ಕಾದು ನಿಂತ. ಅವನ ತಲೆಯ ಮೇಲೆ ಬೀಳದೆ ಉಳಿದ ಹಿಮ ಬಾಗಿಕೊಂಡಿತ್ತು. ಪದ್ಮಾವೈನಿ ಅಲ್ಲೇ ಮೊಣಕಾಲೂರಿ, ಕೈಗೆ ಸಿಕ್ಕ ಕಡೆ ಕೆದಕುತ್ತ, ಗಂಡನ ಹೆಸರು ಹಿಡಿದು ಕರೆಯುತ್ತಿದ್ದರು. ಲಗ್ನವಾದ ಮೂವತ್ತೆರಡು ವರ್ಷದಲ್ಲಿ ಅವರು ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ.

ಬ್ರಯನ್ ನನ್ನ ಗೆರೆಯ ಮೇಲೆ ಒಂದೊಂದೇ ಹೆಜ್ಜೆ ಮುಂದೆ ಸರಿದ. ಹನ್ನೊಂದನೆಯ ಹೆಜ್ಜೆಗೆ, ಕೆರೆಯ ಆಚೆ, ಮಾರ್ಗರೆಟ್ ಎರಡೂ ಕೈ ಮೇಲ್ಕೆತ್ತಿದರು. ಅವರ ಗೆರೆಯೂ ನನ್ನ ಗೆರೆಯೂ ಅಲ್ಲಿ ಕೂಡಿದ್ದವು. ಅವನು ಕೋಲು ಊರಿದ.

ಹನ್ನೊಂದು ಮೂವತ್ತನಾಲ್ಕು. ನಾನು ಕೈ ಇಳಿಸಿ ಓಡಿದೆ.

ಡಬ್ಬಿ ಮುಚ್ಚಳ

ಹಿಮ ಮೆತ್ತಗಿರುತ್ತದೆ ಎಂದು ತಿಳಿದಿದ್ದೆ. ಬಿದ್ದ ಹಿಮ ಕಲ್ಲಿನಂತೆ ಗಟ್ಟಿ. ಬುತ್ತಿಯ ಸ್ಟೀಲ್ ಡಬ್ಬಿಗಳನ್ನು ಬರಿದು ಮಾಡಿ, ಡಬ್ಬಿಯಿಂದ, ಮುಚ್ಚಳದಿಂದ ಕೆರೆದೆವು. ದೊಡ್ಡ ಗಟ್ಟಿಗಳನ್ನು ನಾಲ್ಕು ಜನ ಸೇರಿ ಉರುಳಿಸಿದರು. ಒಬ್ಬ ಮೇಲೆ ಉಳಿದ ಹಿಮವನ್ನೇ ನೋಡುತ್ತ ಕಾವಲು ನಿಂತ, ಅಲುಗಿದರೆ ಕೂಗಲು. ಯಾರೂ ಯಾರಿಗೂ ಅಪ್ಪಣೆ ಕೊಡಲಿಲ್ಲ. ಮೊಸರನ್ನ ಕಲ್ಲಿನ ಮೇಲೆ ಚೆಲ್ಲಿತ್ತು, ನಾವು ಅದನ್ನು ತುಳಿದುಕೊಂಡೇ ಓಡಾಡಿದೆವು.

ಹನ್ನೊಂದು ಐವತ್ತಕ್ಕೆ ಬ್ರಯನ್ ಎಲ್ಲರಿಗೂ ಕೈಯೆತ್ತಿ ಸುಮ್ಮನಿರಲು ಹೇಳಿದ. ಕಿವಿ ಇಟ್ಟ. ನನಗೆ ಏನೂ ಕೇಳಲಿಲ್ಲ. ಪದ್ಮಾವೈನಿ ಬಾಯಿ ಹಚ್ಚಿ ಕೂಗಿದರು. "ರೀ! ಕೇಳ್ತದೇನು?"

ಕೆಳಗಿಂದ, ತೀರ ಕೆಳಗಿಂದ, ಬಾವಿಯೊಳಗಿಂದ ಬಂದ ಹಾಗೆ, ಒಂದು ಸದ್ದು. ಮಾತಲ್ಲ. ಕೆಮ್ಮು.

ಅವನು ಒಂದು ಬಂಡೆಗೂ ಹಿಮದ ದೊಡ್ಡ ಚಪ್ಪಡಿಗೂ ನಡುವೆ ಸಿಕ್ಕಿದ್ದ. ಉಸಿರಾಡುವಷ್ಟು ಸಂದು ಇತ್ತು. ಎಡಗಾಲಿನ ಮೇಲೆ ಇನ್ನೊಂದು ಚಪ್ಪಡಿ. ಹೊರಗೆ ತೆಗೆಯಲು ಹನ್ನೆರಡೂಕಾಲಾಯಿತು. ಅವನ ಮುಖ ಮನುಷ್ಯನ ಮುಖದ ಬಣ್ಣದಲ್ಲಿರಲಿಲ್ಲ. ಬ್ರಯನ್ ಊರಿದ ಕೋಲಿಗೂ ಅವನ ತಲೆಗೂ ಅಂತರ ಎಷ್ಟೆಂದು ಅಲ್ಲೇ ನೋಡಿದೆ. ಒಂದು ಮೊಳ, ನಾಲ್ಕು ಬೆರಳು. ಇದು ಅಳೆದದ್ದು. ಅಂಥ ಹೊತ್ತಿನಲ್ಲಿ ಮೊಳ ಹಾಕಿದ್ದಕ್ಕೆ ನನಗೇ ನಾಚಿಕೆಯಿದೆ, ಆದರೆ ಹಾಕಿದೆ.

ಹೆಲಿಕಾಪ್ಟರ್ ಬಂದದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಹಗ್ಗದಲ್ಲಿ ಇಳಿದ ಇಬ್ಬರು ಅವನನ್ನು ಕಟ್ಟಿ ಎತ್ತಿಕೊಂಡು ಹೋದರು. ಕೆಳಗಿನಿಂದ ನೋಡಿದರೆ, ಬೆಟ್ಟದ ಮುಂದೆ ಒಂದು ಸಣ್ಣ ಗಂಟು ತೂಗುತ್ತಿತ್ತು.

ಎವರೆಟ್

ಎವರೆಟ್‌ನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಎಡಗಾಲನ್ನು ತೆಗೆದರು. ಎಚ್ಚರವಾದ ಮೇಲೆ ವಾದಿರಾಜ ಮೊದಲು ಹೇಳಿದ್ದು, "ಹಣಮ್ಯಾ, ಹತ್ತು ದಿವಸ ಅಂದಿದ್ದೆ. ಲೆಕ್ಕ ತಪ್ಪಿತು." ನನ್ನ ವಿಮಾನ ಹೊರಡಲು ಮೂರು ದಿನ ಇತ್ತು, ಟಿಕೆಟ್ ಮುಂದಕ್ಕೆ ಹಾಕಿಸಿದೆ.

ಪದ್ಮಾವೈನಿ ನನ್ನೊಡನೆ ಮಾತಾಡುವುದನ್ನು ನಿಲ್ಲಿಸಿದ್ದರು. ಊಟಕ್ಕೆ ಬಡಿಸುತ್ತಿದ್ದರು, ಹಾಸಿಗೆ ಹಾಸುತ್ತಿದ್ದರು, ಮಾತಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಯ ಹೊರಸಾಲೆಯಲ್ಲಿ, ನನ್ನ ಕಡೆ ನೋಡದೆ, ಕೇಳಿದರು.

"ನೀವು ಅವಾಗನ ಓಡಿದ್ರ, ಕಾಲು ಉಳೀತಿತ್ತೇನು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಓಡಿದ್ದರೆ ಎಲ್ಲಿ ಅಗೆಯಬೇಕೆಂದು ತಿಳಿಯುತ್ತಿರಲಿಲ್ಲ, ಅದು ಮಾತ್ರ ಗೊತ್ತು ಎಂದೆ.

"ನಾ ಅದನ್ನ ಕೇಳಲಿಲ್ಲ," ಅಂದರು.

ಅದೇ ದಿನ ಮಧ್ಯಾಹ್ನ ಮಾರ್ಗರೆಟ್ ಬಂದರು. ವುಡಿನ್‌ವಿಲ್‌ನಿಂದ ಕಾರು ನಡೆಸಿಕೊಂಡು, ಕಾಗದದಲ್ಲಿ ಸುತ್ತಿದ ಹೂವು ಹಿಡಿದು. ಶಾಲೆಯ ಬಸ್ಸು ನಡೆಸಿ ನಿವೃತ್ತರಾದವರು. ರಶ್ಮಿ ನಡುವೆ ಕುಳಿತು ಮಾತು ತಿಳಿಸಿದಳು. ಪದ್ಮಾವೈನಿ ಅವರಿಗೂ ಅದೇ ಪ್ರಶ್ನೆ ಕೇಳಿದರು: ಈ ಮನುಷ್ಯ ಓಡಿದ್ದರೆ ಏನಾಗುತ್ತಿತ್ತು?

ಮಾರ್ಗರೆಟ್ ಸಮಾಧಾನದ ಮಾತು ಹೇಳಲಿಲ್ಲ. ಆಚೆ ದಂಡೆಯಿಂದ ಅವರಿಗೆ ಕಂಡದ್ದನ್ನು ಹೇಳಿದರು. ಹಿಮ ಬಿತ್ತು, ನಾಯಿಯನ್ನು ಕಟ್ಟಿ ತಾವು ಓಡಿದರು, ಎಲ್ಲರೂ ಓಡುತ್ತಿದ್ದರು. ಒಬ್ಬ ಮಾತ್ರ ಓಡಲಿಲ್ಲ. ಇಂಥ ಕಲ್ಲೆದೆಯವನೂ ಇರುತ್ತಾನೆಯೇ ಎಂದು ಆಗ ಮನಸ್ಸಿನಲ್ಲಿ ಬೈದರಂತೆ. ಆಮೇಲೆ ಈ ಹುಡುಗಿ ಬಂದು, ನೀವು ನಿಂತಿದ್ದಲ್ಲಿಗೇ ಹಿಂದಕ್ಕೆ ಹೋಗಿ, ಅವನ ಹಾಗೆ ನಿಲ್ಲಿ ಎಂದಾಗ, ಹಿಮದಡಿ ಸಿಕ್ಕವನ ಕಡೆಗೆ ಬೆನ್ನು ಮಾಡಿ ದೂರ ಓಡುವುದು ತಮ್ಮ ಬದುಕಿನಲ್ಲೇ ಅತ್ಯಂತ ಕಷ್ಟದ ಓಟವಾಗಿತ್ತು ಎಂದರು. "ಅಲ್ಲಿ ಹೋಗಿ ನಿಂತೆ. ಕೋಲಿನವನು ನನ್ನ ಗೆರೆಗೆ ಬರುವವರೆಗೆ ಏನೂ ಮಾಡದೆ ನಿಂತೆ. ಆಗ ಗೊತ್ತಾಯಿತು, ಅವನು ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಾನೆ ಎಂದು." ರಶ್ಮಿ ಇದನ್ನು ಕನ್ನಡದಲ್ಲಿ ಹೇಳಿದಳು.

ಪದ್ಮಾವೈನಿ ಸಂಜೆ ಮನೆಗೆ ಬಂದ ಮೇಲೆ ಒಲೆಯ ಮುಂದೆ ನಿಂತು, ನನಗೆ ಬೆನ್ನು ಮಾಡಿಯೇ, "ಹಣಮಂತಣ್ಣ, ಚಹಾಕ್ಕ ಸಕ್ರಿ ಎಷ್ಟು?" ಅಂದರು. ಮೂರು ವಾರದಿಂದ ಅವರೇ ಹಾಕಿ ಕೊಡುತ್ತಿದ್ದವರು. "ಒಂದು ಚಮಚ" ಎಂದೆ. ಅವರ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ. ಅವರಿಗೆ ಸಿಕ್ಕಿತೋ ಇಲ್ಲವೋ ನಾನು ಕೇಳಿಲ್ಲ.

ಇದಕ್ಕೆಲ್ಲ ಸಾಕ್ಷಿ ಯಾರು ಎಂದು ಗದಗಿನಲ್ಲಿ ಕೇಳುತ್ತಾರೆ. ವಾದಿರಾಜ ಇದ್ದಾನೆ, ಕೃತಕ ಕಾಲು ಹಾಕಿಕೊಂಡು ನಡೆಯುತ್ತಾನೆ. ಆದರೆ ಅವನು ನೋಡಿದವನಲ್ಲ; ಬೆಳಕು ನೀಲಿಯಾದದ್ದರ ಆಚೆ ಅವನಿಗೆ ನೆನಪಿಲ್ಲ. ಪದ್ಮಾವೈನಿ ಡಬ್ಬಿ ಬಿಚ್ಚುತ್ತಿದ್ದರು. ರಶ್ಮಿ ಮೋಡ ನೋಡುತ್ತಿದ್ದಳು. ಬ್ರಯನ್ ಸದ್ದು ಕೇಳಿ ಬಂದವನು. ವಾದಿರಾಜ ಒಳಗೆ ಹೋದದ್ದನ್ನು, ಹಿಮ ಬಿದ್ದದ್ದನ್ನು, ನಾನು ನಿಂತದ್ದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಒಬ್ಬರೇ. ವುಡಿನ್‌ವಿಲ್‌ನ ಮಾರ್ಗರೆಟ್. ಈಗ ಕಣ್ಣು ಸ್ವಲ್ಪ ಮಂಜು, ಕಾರು ನಡೆಸುವುದಿಲ್ಲ. ಇದ್ದಾರೆ.